ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ: ಮೊದಲ 12 ವಾರ ಏನು, ಯಾವಾಗ, ಎಷ್ಟು?

ನಾನು ಮುಂಬೈಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಮಾಟುಂಗಾ, ಸಯನ್, ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಲ್ಲಿ ಎರಡೇ ಬಗೆಯ ತಪ್ಪು ಮತ್ತೆ ಮತ್ತೆ ನೋಡುತ್ತೇನೆ. ಒಂದು ಮನೆಯಲ್ಲಿ ಹೃದಯಾಘಾತ ಆದವರನ್ನು ಮೂರು ತಿಂಗಳು ಮಂಚದಿಂದ ಇಳಿಯಲು ಬಿಡುವುದಿಲ್ಲ, ನೀರಿನ ಲೋಟವನ್ನೂ ಕೈಗೇ ತಂದುಕೊಡುತ್ತಾರೆ. ಪಕ್ಕದ ಬಿಲ್ಡಿಂಗಿನಲ್ಲಿ ಸ್ಟೆಂಟ್ ಹಾಕಿಸಿಕೊಂಡ ಒಂಬತ್ತನೇ ದಿನಕ್ಕೇ ಮನುಷ್ಯ ಫಾಸ್ಟ್ ಲೋಕಲ್ ಹಿಡಿಯಲು ಓಡಿರುತ್ತಾನೆ. ನಮ್ಮ ಮಾವ ಈ ಎರಡನೇ ಜಾತಿ. ಕ್ಯಾಂಟೀನ್ ನಡೆಸುವವರು. "ಬ್ಲಾಕ್ ತೆಗೆದಾಯ್ತಲ್ಲ, ಇನ್ನೇನು?" ಅಂತ ಗಲ್ಲಾದಲ್ಲಿ ಹೋಗಿ ಕೂತೇಬಿಟ್ಟರು.

ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆ. ಅದು ಒಂದು ಜಾಗದ ಅಡಚಣೆ ತೆಗೆಯುತ್ತದೆ, ಅಷ್ಟೇ. ರಕ್ತನಾಳಕ್ಕೆ ಕೊಬ್ಬು ಮೆತ್ತಿಸಿದ ಕಾರಣಗಳು ಹಾಗೇ ಇರುತ್ತವೆ. ಪೆಟ್ಟು ತಿಂದ ಹೃದಯದ ಸ್ನಾಯು ಚೇತರಿಸಿಕೊಳ್ಳಲು ವಾರಗಳು ಬೇಕು. ಆ ವಾರಗಳನ್ನು ಲೆಕ್ಕ ಇಟ್ಟು ಕಳೆಯುವುದಕ್ಕೇ ಕಾರ್ಡಿಯಾಕ್ ರಿಹ್ಯಾಬ್ ಎನ್ನುತ್ತಾರೆ. ಇದರಲ್ಲಿ ಕಷ್ಟದ ಕೆಲಸ ಒಂದೂ ಇಲ್ಲ. ಹೆಚ್ಚಿನವರು ಸೋಲುವುದು ಕ್ರಮ ತಪ್ಪಿಸಿ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಹಾರಬೇಡಿ.

ಒಂದು ಮಾತು ಮೊದಲೇ. ಹೃದಯದ ಪಂಪಿಂಗ್ ಶೇಕಡಾ 40ಕ್ಕಿಂತ ಕಡಿಮೆ ಇದ್ದವರು, ಬಡಿತ ಏರುಪೇರಾಗುವವರು, ಇನ್ನೂ ತೆಗೆಯದ ಬ್ಲಾಕ್ ಉಳಿದಿರುವವರು ಇಲ್ಲಿ ಕೊಟ್ಟ ನಡಿಗೆಯ ಲೆಕ್ಕವನ್ನು ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟನ್ನೇ ಮಾಡಬೇಕು.

ಮೊದಲು ಈ ಸಾಮಾನು ಹೊಂದಿಸಿ

ತೋಳಿಗೆ ಪಟ್ಟಿ ಕಟ್ಟುವ ಬಿಪಿ ಮಷಿನ್ (ಮಣಿಕಟ್ಟಿನದು ಬೇಡ, ಲೆಕ್ಕ ತಪ್ಪುವುದು ಜಾಸ್ತಿ). ತೂಕದ ಮಷಿನ್. ಸೆಕೆಂಡ್ ಮುಳ್ಳಿರುವ ಗಡಿಯಾರ ಅಥವಾ ಮೊಬೈಲ್. ವಾರದ ಏಳು ದಿನಕ್ಕೂ ಬೇರೆ ಬೇರೆ ಖಾನೆ ಇರುವ ಮಾತ್ರೆ ಡಬ್ಬಿ. ಜಾರದ ಶೂ. ಡಾಕ್ಟರ್ ಬರೆದುಕೊಟ್ಟಿದ್ದರೆ ಎದೆನೋವು ಬಂದಾಗ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ. ಇವುಗಳ ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್.

ಹೆಚ್ಚಿನವರು ನೋಟ್‌ಬುಕ್ಕನ್ನೇ ಬಿಡುತ್ತಾರೆ. ಕೈಗೆ ಕಟ್ಟುವ ಸ್ಮಾರ್ಟ್ ವಾಚಿಗೆ ಸಾವಿರಾರು ರೂಪಾಯಿ ಕೊಟ್ಟವರ ಮನೆಯಲ್ಲೂ ನಿನ್ನೆ ಎಷ್ಟು ನಿಮಿಷ ನಡೆದಿರಿ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ದಿನಕ್ಕೆ ಒಂದು ಸಾಲು ಸಾಕು: ತಾರೀಕು, ಬೆಳಗಿನ ತೂಕ, ಬಿಪಿ, ನಾಡಿ, ನಡೆದ ನಿಮಿಷ, ಏನಾದರೂ ತೊಂದರೆ ಆಯಿತೇ.

ಹಂತ 1: ಡಿಸ್ಚಾರ್ಜ್ ಕಾಗದ ಓದಿ, ಐದು ಪ್ರಶ್ನೆ ಕೇಳಿ

ಡಿಸ್ಚಾರ್ಜ್ ದಿನ ಎಲ್ಲರ ಗಮನ ಬಿಲ್ಲಿನ ಮೇಲೆ, ಇನ್ಶೂರೆನ್ಸ್ ಮೇಲೆ. ಕಾಗದ ಕವರಿನೊಳಗೆ ಹೋಗುತ್ತದೆ, ಕವರು ಕಪಾಟಿನೊಳಗೆ. ಅದಕ್ಕೂ ಮೊದಲು ಇಷ್ಟನ್ನು ಕೇಳಿ, ಕಾಗದದ ಮೇಲೇ ಬರೆಸಿಕೊಳ್ಳಿ.

ಹೃದಯದ ಪಂಪಿಂಗ್ ಶೇಕಡಾ ಎಷ್ಟಿದೆ? (ಎಕೋ ವರದಿಯಲ್ಲಿ ಇ.ಎಫ್. ಅಂತ ಇರುತ್ತದೆ, 55ರ ಮೇಲೆ ಇದ್ದರೆ ಸಾಮಾನ್ಯವಾಗಿ ಚೆನ್ನಾಗಿದೆ ಅಂತ ಅರ್ಥ.) ಬೇರೆ ಬ್ಲಾಕ್ ಉಳಿದಿದೆಯೇ, ಎಷ್ಟು? ರಕ್ತ ತೆಳು ಮಾಡುವ ಎರಡು ಮಾತ್ರೆ ಯಾವ ತಿಂಗಳವರೆಗೆ? ನಡೆಯುವಾಗ ನಾಡಿ ಎಷ್ಟನ್ನು ದಾಟಬಾರದು? ಈ ಆಸ್ಪತ್ರೆಯಲ್ಲಿ ಕಾರ್ಡಿಯಾಕ್ ರಿಹ್ಯಾಬ್ ವಿಭಾಗ ಇದೆಯೇ?

ಕೊನೆಯ ಪ್ರಶ್ನೆಯನ್ನು ನೀವೇ ಕೇಳಬೇಕು. ಮುಂಬೈಯ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಇದ್ದರೂ ಯಾರೂ ತಾವಾಗಿ ಹೇಳದೆ ಹೋಗುವುದು ಉಂಟು. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲದಂತೆ 12 ವಾರ ಹೋಗುವುದು, ಇಸಿಜಿ ನೋಡುತ್ತಾ ನಡೆಸುತ್ತಾರೆ. ಸಿಕ್ಕಿದರೆ ಬಿಡಬೇಡಿ. ಕಲ್ಯಾಣ್, ಡೊಂಬಿವಲಿಯಿಂದ ಪರೇಲ್‌ವರೆಗೆ ವಾರಕ್ಕೆ ಮೂರು ಸಲ ಹೋಗುವುದು ಆಗದ ಮಾತು ಅನ್ನಿಸಿದರೆ ಮೊದಲ ಎರಡು ಮೂರು ಸಲವಾದರೂ ಹೋಗಿ. ಎಷ್ಟು ನಡೆದರೆ ನಿಮ್ಮ ಹೃದಯ ಏನು ಹೇಳುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ. ಉಳಿದದ್ದನ್ನು ಮನೆಯಲ್ಲೇ ಮಾಡಬಹುದು.

ಕಾಗದದ ಫೋಟೋ ತೆಗೆದು ಮನೆಯ ಮೂವರ ಫೋನಿನಲ್ಲಿ ಇಡಿ.

ಹಂತ 2: ಮಾತ್ರೆಗಳನ್ನು ಕೆಲಸದ ಪ್ರಕಾರ ಗುರುತಿಸಿ

ಮಾತ್ರೆಯ ಬಣ್ಣ ನೆನಪಿಟ್ಟರೆ ಸಾಲದು. ಕೆಮಿಸ್ಟ್ ಕಂಪನಿ ಬದಲಿಸಿದರೆ ಬಣ್ಣವೂ ಬದಲಾಗುತ್ತದೆ. ಪ್ರತಿ ಮಾತ್ರೆಯ ಎದುರಿಗೆ ಅದರ ಕೆಲಸ ಬರೆದಿಡಿ.

ಮೊದಲ ಗುಂಪು ಸ್ಟೆಂಟ್ ಕಾಯುವವು: ಆಸ್ಪಿರಿನ್, ಅದರ ಜೊತೆಗೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್, ಪ್ರಾಸುಗ್ರೆಲ್‌ಗಳಲ್ಲಿ ಒಂದು. ಹೃದಯಾಘಾತ ಆಗಿ ಸ್ಟೆಂಟ್ ಹಾಕಿದ್ದರೆ ಎರಡನ್ನೂ ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ಆಘಾತ ಆಗದೆ, ಮೊದಲೇ ದಿನ ಗೊತ್ತುಮಾಡಿ ಹಾಕಿಸಿಕೊಂಡಿದ್ದರೆ ಹೆಚ್ಚಾಗಿ 6 ತಿಂಗಳು. ಈ ಅವಧಿಯಲ್ಲಿ ಸ್ವಂತ ಬುದ್ಧಿಯಿಂದ ನಿಲ್ಲಿಸಿದರೆ ಸ್ಟೆಂಟಿನ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಮೊದಲನೆಯ ಆಘಾತಕ್ಕಿಂತ ಕೆಟ್ಟದ್ದು.

ಎರಡನೆಯದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್: ಅಟೋರ್ವಾಸ್ಟ್ಯಾಟಿನ್ ಅಥವಾ ರೋಸುವಾಸ್ಟ್ಯಾಟಿನ್. "ಕೊಲೆಸ್ಟ್ರಾಲ್ ನಾರ್ಮಲ್ ಬಂತು, ನಿಲ್ಲಿಸಿದೆ" ಎನ್ನುವವರನ್ನು ನಾನು ತಿಂಗಳಿಗೊಬ್ಬರಂತೆ ನೋಡುತ್ತೇನೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ, ಅಲ್ವಾ? ಮೂರನೆಯದು ಬಡಿತದ ವೇಗ ತಗ್ಗಿಸುವ ಮೆಟೋಪ್ರೊಲಾಲ್‌ನಂಥ ಬೀಟಾ ಬ್ಲಾಕರ್. ನಾಲ್ಕನೆಯದು ಬಿಪಿ ಇಳಿಸಿ ಹೃದಯದ ಭಾರ ಕಡಿಮೆ ಮಾಡುವ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್.

ಇಲ್ಲಿ ಆಗುವ ತಪ್ಪುಗಳು ಹಲವು. ಊರಿಗೆ ಹೋಗುವಾಗ ಆಗುವುದೇ ಅದರಲ್ಲಿ ದೊಡ್ಡದು. ನಾಗಾರಾಧನೆ, ಕೋಲ, ಮದುವೆ ಅಂತ ಉಡುಪಿಗೆ ನಾಲ್ಕು ದಿನಕ್ಕೆ ಹೋಗಿ ಹನ್ನೆರಡು ದಿನ ನಿಲ್ಲುತ್ತಾರೆ. ಮಾತ್ರೆ ನಾಲ್ಕು ದಿನದ್ದೇ ಇರುತ್ತದೆ. ಒಂದು ತಿಂಗಳ ಮಾತ್ರೆ ಕಟ್ಟಿಕೊಂಡೇ ರೈಲು ಹತ್ತಿ. ಮಾತ್ರೆಯನ್ನು ಕೈಚೀಲದಲ್ಲಿಡಿ, ಸೀಟಿನ ಕೆಳಗೆ ತಳ್ಳುವ ಸೂಟ್‌ಕೇಸಿನಲ್ಲಲ್ಲ.

ಮೈಕೈ ನೋವಿಗೆ ಕೆಮಿಸ್ಟ್ ಹತ್ತಿರ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೃದಯದ ರೋಗಿಗೆ ಒಳ್ಳೆಯದಲ್ಲ. ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವೂ ಇದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕೇ ಅಂತ ಡಾಕ್ಟರನ್ನು ಕೇಳಿ. ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು ಗ್ಯಾಸಿಗೆ ಅಂತ ಓಮೆಪ್ರಜೋಲ್ ತಾವೇ ತಂದು ನುಂಗಬಾರದು. ಅದು ಕ್ಲೋಪಿಡೋಗ್ರೆಲ್‌ನ ಕೆಲಸ ಕುಂದಿಸುತ್ತದೆ. ಟಿಕಾಗ್ರೆಲಾರ್‌ನಿಂದ ಕೆಲವರಿಗೆ ಕೂತಲ್ಲೇ ಉಸಿರು ಸಾಲದಂತೆ ಅನಿಸುತ್ತದೆ. ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಎರಡಕ್ಕೂ ಬದಲಿ ಮಾತ್ರೆ ಇದೆ. ಹೇಳಿ ಬದಲಿಸಿಕೊಳ್ಳಿ, ಹೇಳದೆ ನಿಲ್ಲಿಸಬೇಡಿ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಸ್ಟೆಂಟ್ ಇದೆ ಅಂತ ಹೇಳಿ. ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 3: ನಡೆಯುವ ಮೊದಲು "ನಿಲ್ಲಿಸು" ಅನ್ನುವ ಗುರುತು ಕಲಿಯಿರಿ

ಇದನ್ನು ರೋಗಿ ಒಬ್ಬರೇ ಕಲಿತರೆ ಸಾಲದು. ಮನೆಯವರೂ ಕಲಿಯಬೇಕು.

ಆ ದಿನ ನಡಿಗೆ ಬೇಡ ಅನ್ನುವ ಗುರುತುಗಳು ಹೀಗಿವೆ. ಜ್ವರ ಇದ್ದರೆ, ಕೂತಾಗಲೇ ಬಿಪಿ 180/110 ದಾಟಿದ್ದರೆ, ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದು ತಲೆ ಸುತ್ತುತ್ತಿದ್ದರೆ, ಕೂತಲ್ಲೇ ನಾಡಿ 120 ದಾಟಿದ್ದರೆ ನಡೆಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಮೊದಲು ಏನಾದರೂ ತಿನ್ನಿ. ಎರಡು ಮೂರು ದಿನದಲ್ಲಿ ತೂಕ 2 ಕೆಜಿ ಏರಿದರೆ, ಕಾಲು ಊದಿಕೊಂಡರೆ, ಮಲಗಿದರೆ ದಮ್ಮು ಕಟ್ಟಿ ಎದ್ದು ಕೂರುವಂತಾದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅರ್ಥ. ಬೆಳಗ್ಗೆ ತೂಕ ನೋಡಿ ಬರೆಯುವುದು ಸುಮ್ನೆ ಅಲ್ಲ.

ನಡೆಯುತ್ತಿರುವಾಗ ಎದೆಯಲ್ಲಿ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆದರೆ, ದವಡೆ, ಎಡತೋಳು, ಬೆನ್ನಿಗೆ ನೋವು ಹರಿದರೆ, ತಣ್ಣನೆಯ ಬೆವರು ಕಿತ್ತು ಬಂದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂರಿ. ಮನೆಗೆ ಹೋಗಿ ಕೂರೋಣ ಅನ್ನಬೇಡಿ. ಹೆಂಗಸರಿಗೂ ಸಕ್ಕರೆ ಕಾಯಿಲೆ ಇರುವವರಿಗೂ ಎದೆನೋವೇ ಇಲ್ಲದೆ ಬರೀ ಏದುಸಿರು, ವಾಕರಿಕೆ, ವಿಪರೀತ ಸುಸ್ತು ಬರಬಹುದು.

ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರೆ ಕೂತೇ ನಾಲಿಗೆಯಡಿ ಇಡಿ. ನಿಂತು ಇಟ್ಟರೆ ಬಿಪಿ ಇಳಿದು ಬೀಳುವಿರಿ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಾಫಿಲ್ (ವಯಾಗ್ರಾ) ಜಾತಿಯ, ಗಂಡಸರು ಲೈಂಗಿಕ ಶಕ್ತಿಗೆ ನುಂಗುವ ಮಾತ್ರೆ ತೆಗೆದುಕೊಂಡಿದ್ದರೆ ಸಾರ್ಬಿಟ್ರೇಟ್ ಇಡಲೇಬಾರದು. ಟಡಾಲಾಫಿಲ್ ಆದರೆ 48 ಗಂಟೆ. ನಾಚಿಕೆಯಿಂದ ಮುಚ್ಚಿಟ್ಟರೆ ಜೀವಕ್ಕೇ ಕುತ್ತು. ಅಂಬ್ಯುಲೆನ್ಸಿನವರಿಗೂ ಹೇಳಿ.

"ಗ್ಯಾಸ್ ಇರಬೇಕು" ಎಂಬ ಒಂದು ಮಾತಿಗೆ ಎಷ್ಟು ಜನ ಗಂಟೆಗಟ್ಟಲೆ ಕಳೆದಿದ್ದಾರೋ! ಸೋಡಾ ಕುಡಿದು, ಓಮ ಜಗಿದು, ಬೆನ್ನು ತಿಕ್ಕಿಸಿಕೊಂಡು ಹೋಗುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಈಗಲೇ, ಆರಾಮಾಗಿ ಇರುವಾಗಲೇ, ನಿಮ್ಮ ಮನೆಗೆ ಹತ್ತಿರ 24 ಗಂಟೆಯೂ ಆಂಜಿಯೋಪ್ಲಾಸ್ಟಿ (ಬ್ಲಾಕ್ ತೆಗೆದು ಸ್ಟೆಂಟ್ ಹಾಕುವುದು) ಮಾಡುವ ಆಸ್ಪತ್ರೆ ಯಾವುದು ಅಂತ ವಿಚಾರಿಸಿ ಫ್ರಿಜ್ ಮೇಲೆ ಅಂಟಿಸಿ. ಎಲ್ಲ ನರ್ಸಿಂಗ್ ಹೋಮುಗಳಲ್ಲೂ ಆ ಸೌಲಭ್ಯ ಇರುವುದಿಲ್ಲ. ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಟ್ರಾಫಿಕ್ಕಿನಲ್ಲಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹೊತ್ತು ಮೀರುತ್ತದೆ. ಲಿಫ್ಟ್ ಇಲ್ಲದ ಬಿಲ್ಡಿಂಗ್ ಆದರೆ ರೋಗಿಯನ್ನು ನಡೆಸಿಕೊಂಡು ಇಳಿಯಬೇಡಿ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿ ಇಳಿಸಬೇಕು. ಯಾರು ಆ ಇಬ್ಬರು ಅಂತಲೂ ಮೊದಲೇ ಮಾತಾಡಿಡಿ.

ಹಂತ 4: ಮನೆಯೊಳಗಿನ ನಡಿಗೆ, ವಾರ 1 ಮತ್ತು 2

ಒಂದು ಖೋಲಿಯ ಮನೆಯಲ್ಲಿ ಎಲ್ಲಿ ನಡೆಯುವುದು ಅಂತ ಕೇಳಬೇಡಿ. ಚಾಳಿನ ಉದ್ದ ಪಡಸಾಲೆ, ಸೊಸೈಟಿಯ ಕಾರಿಡಾರ್, ಕಾರು ನಿಲ್ಲಿಸುವ ಜಾಗ ಯಾವುದಾದರೂ ಆದೀತು. ನೆಲ ಸಮತಟ್ಟಾಗಿರಬೇಕು, ಪಕ್ಕದಲ್ಲಿ ಕೂರಲು ಒಂದು ಕುರ್ಚಿ ಇರಬೇಕು.

ಮೊದಲ ವಾರ ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಎರಡನೇ ವಾರ 10 ನಿಮಿಷ, ದಿನಕ್ಕೆ ಎರಡು ಮೂರು ಸಲ. ಊಟವಾಗಿ ಒಂದರಿಂದ ಒಂದೂವರೆ ಗಂಟೆ ಬಿಟ್ಟು ನಡೆಯಿರಿ. ತೊಡೆಸಂದಿಯ ಮೂಲಕ ಸ್ಟೆಂಟ್ ಹಾಕಿದ್ದರೆ ಆ ಜಾಗಕ್ಕೆ, ಮಣಿಕಟ್ಟಿನ ಮೂಲಕ ಆಗಿದ್ದರೆ ಆ ಕೈಗೆ ಮೊದಲ ಒಂದು ವಾರ ಭಾರ ಬೀಳಬಾರದು. ಅಲ್ಲಿ ಗಡ್ಡೆಯಂತೆ ಊದುತ್ತಾ ಹೋದರೆ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ.

ಎಷ್ಟು ಜೋರಾಗಿ ನಡೆಯಬೇಕು? ಮಾತಿನ ಪರೀಕ್ಷೆ ಮಾಡಿ. ನಡೆಯುತ್ತಾ ಪಕ್ಕದವರ ಜೊತೆ ಪೂರಾ ವಾಕ್ಯ ಮಾತಾಡಲು ಬರಬೇಕು. ಪದಕ್ಕೊಂದು ಉಸಿರು ಎಳೆಯುವಂತಾದರೆ ಜಾಸ್ತಿಯಾಯಿತು. ಆರಾಮಾಗಿ ಹಾಡು ಹೇಳಲು ಬಂದರೆ ಕಡಿಮೆಯಾಯಿತು, ಆದರೆ ಮೊದಲ ಎರಡು ವಾರ ಕಡಿಮೆಯೇ ಇರಲಿ. ನಾಡಿಯನ್ನೂ ನೋಡಿ: ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಕೂತಾಗ ಇದ್ದದ್ದಕ್ಕಿಂತ 20 ಹೆಚ್ಚಾದರೆ ಈ ವಾರಗಳಿಗೆ ಸಾಕು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ನಾಡಿ ಬೇಗ ಏರುವುದಿಲ್ಲ. ಅವರು ನಾಡಿ ಏರಲಿಲ್ಲ ಅಂತ ವೇಗ ಹೆಚ್ಚಿಸುತ್ತಾ ಹೋಗಬಾರದು, ಮಾತಿನ ಪರೀಕ್ಷೆಯನ್ನೇ ನಂಬಬೇಕು.

ನಡಿಗೆ ನಿಲ್ಲಿಸಿ ಹತ್ತು ನಿಮಿಷದೊಳಗೆ ನಾಡಿ ಮೊದಲಿನ ಹತ್ತಿರ ಬರಬೇಕು. ಮರುದಿನ ಬೆಳಗ್ಗೆ ಮೈ ಎತ್ತಲಾಗದಷ್ಟು ಸುಸ್ತಿದ್ದರೆ ನಿನ್ನೆಯದು ಅತಿಯಾಗಿತ್ತು.

ಬೈಪಾಸ್ ಆದವರಿಗೆ ಬೇರೆ ಲೆಕ್ಕ

ಬೈಪಾಸ್ ಆಪರೇಷನ್ನಿನಲ್ಲಿ ಎದೆಯ ಮೂಳೆ ಸೀಳಿ ಕಟ್ಟಿರುತ್ತಾರೆ. ಅದು ಕೂಡಿಕೊಳ್ಳಲು 8ರಿಂದ 12 ವಾರ ಬೇಕು. ಅಲ್ಲಿಯವರೆಗೆ ಮೂರು ನಾಲ್ಕು ಕೆಜಿ ದಾಟಿದ ಯಾವುದನ್ನೂ ಎತ್ತಬೇಡಿ. ನಮ್ಮ ಕಡೆ ಬೆಳಗ್ಗೆ ನೀರು ಬರುವ ಹೊತ್ತಿಗೆ ಬಕೆಟ್ ಎತ್ತಿಬಿಡುವ ಚಾಳಿ ಇದೆ. ತುಂಬಿದ ಬಕೆಟ್ ಹದಿನೈದು ಕೆಜಿ ತೂಗುತ್ತದೆ! ಮಲಗಿದವರು ನೇರ ಎದ್ದು ಕೂರದೆ ಮಗ್ಗುಲಾಗಿ, ಕಾಲು ಇಳಿಸಿ ಏಳಬೇಕು. ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡಿಯಿರಿ. ಲೋಕಲ್ಲಿನ, ಬಸ್ಸಿನ ಮೇಲಿನ ಹಿಡಿಕೆಗೆ ಜೋತು ಬೀಳುವುದು ಈ ಅವಧಿಯಲ್ಲಿ ಸಂಪೂರ್ಣ ಬಂದ್. ಒಂದು ಬ್ರೇಕಿಗೆ ಇಡೀ ಮೈಭಾರ ಎದೆಯ ಮೇಲೆ ಬೀಳುತ್ತದೆ. ಉಸಿರು ಎಳೆದಾಗ ಮೂಳೆ ಕಟಕಟ ಅಂದರೆ, ಗಾಯದಿಂದ ಕೀವು ಬಂದರೆ, ಜ್ವರ ಬಂದರೆ ತಡಮಾಡಬೇಡಿ. ಕಾಲಿನಿಂದ ನಾಳ ತೆಗೆದಿದ್ದರೆ ಆ ಕಾಲು ತುಸು ಊದುವುದು ಸಾಮಾನ್ಯ, ಕೂತಾಗ ಎತ್ತರಕ್ಕೆ ಇಡಿ.

ಹಂತ 5: ಹೊರಗಿನ ನಡಿಗೆ, ವಾರ 3ರಿಂದ

ಮೂರನೇ ವಾರ 15 ನಿಮಿಷ ಎರಡು ಸಲ. ನಾಲ್ಕನೆಯದರಲ್ಲಿ 20 ನಿಮಿಷ. ಐದು, ಆರನೇ ವಾರಕ್ಕೆ ಒಂದೇ ಸಲ 25–30 ನಿಮಿಷ. ಹನ್ನೆರಡನೇ ವಾರಕ್ಕೆ 30–40 ನಿಮಿಷ, ವಾರಕ್ಕೆ ಐದು ದಿನ. ಇದರಲ್ಲಿ ಮೊದಲ ಮತ್ತು ಕೊನೆಯ ಐದೈದು ನಿಮಿಷ ನಿಧಾನದ ನಡಿಗೆ. ಕೊನೆಯ ಐದು ನಿಮಿಷ ಬಿಟ್ಟು ಧಡಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ.

ಜಾಗ ಆರಿಸುವಾಗ ನೆರಳು, ಬೆಂಚು, ಸಮನೆಲ ಮೂರನ್ನೂ ನೋಡಿ. ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್ ಇದೆ. ದಾದರ್ ಕಡೆಯವರಿಗೆ ಶಿವಾಜಿ ಪಾರ್ಕಿನ ಕಟ್ಟೆ ಇನ್ನೂ ಒಳ್ಳೆಯದು: ಒಂದು ಸುತ್ತು ಒಂದು ಕಿಲೋಮೀಟರಿಗೆ ತುಸು ಜಾಸ್ತಿ, ಸುತ್ತಲೂ ಕೂರಲು ಜಾಗ. ಎಷ್ಟು ನಡೆದಿರಿ ಅಂತ ಲೆಕ್ಕ ಹಾಕುವುದೂ ಸುಲಭ. ಗೆಳೆಯರ ಗುಂಪಿನ ಜೊತೆ ಹೋದರೆ ಅವರ ವೇಗಕ್ಕೆ ಸಿಕ್ಕಿಬೀಳುತ್ತೀರಿ. ಮೊದಲ ತಿಂಗಳು ಹೆಂಡತಿಯೋ ಗಂಡನೋ ಮಗಳೋ ಜೊತೆಗಿದ್ದರೆ ಸಾಕು.

ಮುಂಬೈಯ ಮೇ ಮತ್ತು ಅಕ್ಟೋಬರ್ ತಿಂಗಳ ಸೆಕೆಯಲ್ಲಿ ಅದೇ ನಡಿಗೆ ಹೃದಯಕ್ಕೆ ಹೆಚ್ಚು ಭಾರ. ವೇಗ ಇಳಿಸಿ, ಎಂಟು ಗಂಟೆಯೊಳಗೆ ಮುಗಿಸಿ. ಡಿಸೆಂಬರ್, ಜನವರಿಯಲ್ಲಿ ತದ್ವಿರುದ್ಧ: ಬೆಳಗಿನ ಜಾವ ಹೊಗೆ ಮಂಜಿನ ಹಾಗೆ ಕೆಳಗೇ ನಿಂತಿರುತ್ತದೆ, ಬಿಸಿಲು ಏರಿದ ಮೇಲೆ ಹೋಗಿ. ಮಳೆಗಾಲದಲ್ಲಿ ಜಾರಿ ಬಿದ್ದವರನ್ನು ನಾನು ಹೆಚ್ಚು ನೋಡಿದ್ದೇನೆ. ರಕ್ತ ತೆಳುವಿನ ಮಾತ್ರೆ ತಿನ್ನುವವರು ತಲೆಗೆ ಪೆಟ್ಟು ಮಾಡಿಕೊಳ್ಳಬಾರದು. ನಾಲ್ಕು ತಿಂಗಳು ಬಿಲ್ಡಿಂಗಿನ ಕಾರಿಡಾರೇ ಸಾಕು, ಇಲ್ಲವೇ ಮಾಲ್. ಅಲ್ಲಿ ಫುಡ್ ಕೋರ್ಟ್ ಇರುವ ಮಹಡಿ ಬಿಟ್ಟು ನಡೆಯಿರಿ.

ನಾಲ್ಕೈದು ವಾರ ಕಳೆದು ಡಾಕ್ಟರ್ ಒಪ್ಪಿದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ತೋಳಿನ ವ್ಯಾಯಾಮ ಸೇರಿಸಬಹುದು, 10–15 ಸಲ. (ಬೈಪಾಸ್ ಆದವರು ಮೂಳೆ ಕೂಡುವವರೆಗೆ ಕಾಯಿರಿ.) ಎತ್ತುವಾಗ ಉಸಿರು ಕಟ್ಟಬೇಡಿ. ಮುಕ್ಕರಿಯುವುದು ಕೂಡ ಉಸಿರು ಕಟ್ಟುವುದೇ. ಹಾಗಾಗಿ ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿಸಿಕೊಳ್ಳಿ.

ಹಂತ 6: ಮೆಟ್ಟಿಲು, ಆಮೇಲೆ ಲೋಕಲ್

ಸಮನೆಲದಲ್ಲಿ 20 ನಿಮಿಷ ತೊಂದರೆಯಿಲ್ಲದೆ ನಡೆದ ಮೇಲೆ ಮಾತ್ರ ಮೆಟ್ಟಿಲು. ಮನೆ ಮೂರನೇ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದವರು ಮೊದಲ ದಿನವೇ ಹತ್ತಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಅವರು ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಇಟ್ಟು, ಪ್ರತಿ ತಿರುವಿನಲ್ಲಿ ಕುರ್ಚಿ ಹಾಕಿಸಿ ಎರಡು ನಿಮಿಷ ಕೂತು ಹತ್ತಲಿ. ಆಮೇಲೆ ಒಂದು ವಾರ ಕೆಳಗೆ ಇಳಿಯುವ ಕೆಲಸವೇ ಬೇಡ. ಕೈಯಲ್ಲಿ ಚೀಲ ಬೇಡ, ಹತ್ತುತ್ತಾ ಫೋನಿನಲ್ಲಿ ಮಾತು ಬೇಡ.

ಎರಡು ಮಹಡಿ ನಿಲ್ಲದೆ, ಎದೆನೋವು ಏದುಸಿರು ಇಲ್ಲದೆ ಹತ್ತಲು ಬಂದರೆ ಲೋಕಲ್ ಬಗ್ಗೆ ಯೋಚಿಸಬಹುದು. (ಗಂಡ ಹೆಂಡತಿ ಕೂಡುವುದಕ್ಕೂ ಇದೇ ಅಳತೆ. ಯಾರೂ ಕೇಳುವುದಿಲ್ಲ, ಆದರೆ ಎಲ್ಲರಿಗೂ ಬೇಕಾದ ಉತ್ತರ.) ರೈಲಿಗಿಂತ ಕಷ್ಟ ಸ್ಟೇಷನ್ನಿನ ಸೇತುವೆ. ಒಂದು ದಿನ ಬರೀ ಸೇತುವೆ ಹತ್ತಿ ಇಳಿದು ಮನೆಗೆ ಬನ್ನಿ. ಮರುದಿನ ಹನ್ನೊಂದರಿಂದ ನಾಲ್ಕರೊಳಗೆ, ಜನ ಕಡಿಮೆ ಇರುವಾಗ, ಒಬ್ಬರನ್ನು ಕರೆದುಕೊಂಡು ಎರಡು ಮೂರು ಸ್ಟೇಷನ್ ಹೋಗಿ ಬನ್ನಿ. ಫಾಸ್ಟ್ ಬೇಡ, ಸ್ಲೋ ಲೋಕಲ್ ಹಿಡಿಯಿರಿ. ಏನಾದರೂ ಆದರೆ ಮುಂದಿನ ಸ್ಟೇಷನ್ನಿನಲ್ಲೇ ಇಳಿಯಬಹುದು. ಘಾಟ್ಕೋಪರ್ ಬಿಟ್ಟ ಫಾಸ್ಟ್ ಲೋಕಲ್ ಠಾಣೆವರೆಗೆ ನಿಮಗಾಗಿ ಎಲ್ಲೂ ನಿಲ್ಲದೆ ಹೋಗಬಹುದು.

ಓಡಿ ಹಿಡಿಯುವುದನ್ನು ಮಾತ್ರ ಬಿಟ್ಟೇ ಬಿಡಿ. ಮಾವನಿಗೆ ಅದೇ ದೊಡ್ಡ ಶಿಕ್ಷೆಯಾಗಿತ್ತು. "ರೈಲು ಎದುರಿಗೇ ಹೋಗುತ್ತಿದ್ದರೆ ಕಾಲು ತಾನಾಗಿ ಓಡುತ್ತದೆ" ಎನ್ನುತ್ತಿದ್ದರು. ಕೊನೆಗೆ ಪ್ಲಾಟ್‌ಫಾರ್ಮಿಗೆ ಇಳಿದ ಕೂಡಲೇ ಒಂದು ರೈಲು ಬೇಕೆಂದೇ ಬಿಡುವ ಅಭ್ಯಾಸ ಮಾಡಿಸಿದೆವು.

ಕೆಲಸಕ್ಕೆ ಮರಳುವುದು ಕೆಲಸದ ಮೇಲೆ ನಿಂತಿದೆ. ಆಘಾತವಿಲ್ಲದೆ ಸ್ಟೆಂಟ್ ಹಾಕಿಸಿಕೊಂಡು ಕುರ್ಚಿಯ ಕೆಲಸ ಮಾಡುವವರು ಒಂದೆರಡು ವಾರಕ್ಕೆ, ಆಘಾತ ಆದವರು ಹೆಚ್ಚಾಗಿ 4–6 ವಾರಕ್ಕೆ, ಬೈಪಾಸ್ ಆದವರು 8–12 ವಾರಕ್ಕೆ. ಹೋಟೆಲಿನವರ ಕತೆ ಬೇರೆ. ಗಲ್ಲಾದಲ್ಲಿ ಕೂರುವುದು ಬೇರೆ, ಭಟ್ಟಿಯ ಮುಂದೆ ನಿಲ್ಲುವುದು ಬೇರೆ. ಹೋಟೆಲಿನ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 19 ಕೆಜಿ, ಮೇಲೆ ಕಬ್ಬಿಣದ ತೂಕ. ಅದನ್ನು ಉರುಳಿಸುವುದು, ಅಕ್ಕಿ ಮೂಟೆ ಎತ್ತುವುದು ಸ್ಟ್ರೆಸ್ ಟೆಸ್ಟ್ (ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ) ಆಗಿ ಡಾಕ್ಟರ್ ಬರೆದುಕೊಡುವವರೆಗೆ ಇಲ್ಲ. ಬೆಳಗ್ಗೆ ಐದಕ್ಕೆ ತೆರೆದು ರಾತ್ರಿ ಹನ್ನೊಂದಕ್ಕೆ ಮುಚ್ಚುವುದನ್ನೂ ಯಾರಾದರೂ ಹಂಚಿಕೊಳ್ಳಲೇಬೇಕು.

ಹಂತ 7: ಅಡುಗೆಮನೆ

ಸಾಲಿನಲ್ಲಿ ಏಳನೆಯದಾದರೂ ಇದೊಂದು ಮೊದಲ ದಿನದಿಂದಲೇ ನಡೆಯಬೇಕು. ಆದರೆ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಹದಿನೈದನೇ ದಿನಕ್ಕೆ ಮನೆಯವರೆಲ್ಲ ಸುಸ್ತು. ವಾರಕ್ಕೊಂದು ಹಿಡಿಯಿರಿ.

ಮೊದಲ ವಾರ ಉಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚ. ಸಾರಿಗೆ ಹಾಕುವ ಉಪ್ಪನ್ನು ಎಲ್ಲರೂ ಕಡಿಮೆ ಮಾಡುತ್ತಾರೆ. ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಒಣಮೀನು ಹಾಗೇ ಇರುತ್ತದೆ. ಜ್ವರಕ್ಕೆ ಕೊಟ್ಟ ಹಾಗೆ ಗಂಜಿ ಉಪ್ಪಿನಕಾಯಿ ಕೊಟ್ಟು "ಪಥ್ಯ ಮಾಡಿಸುತ್ತಿದ್ದೇವೆ" ಎನ್ನುವ ಮನೆಗಳಿವೆ. ಗಂಜಿಗೆ ಹೆಸರುಕಾಳಿನ ಪಲ್ಯ, ಮಜ್ಜಿಗೆ ಹಾಕಿ. ಪ್ಯಾಕೆಟ್ ತಿಂಡಿಯಲ್ಲಿ ಸೋಡಿಯಂ 400 ಮಿಲಿಗ್ರಾಂ ಅಂತ ಬರೆದಿದ್ದರೆ ಅದು 1 ಗ್ರಾಂ ಉಪ್ಪು. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್ ತಿನ್ನುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ರಕ್ತದಲ್ಲಿ ಏರಿ ಬಡಿತವನ್ನೇ ಕೆಡಿಸಬಹುದು.

ಎರಡನೇ ವಾರ ಎಣ್ಣೆ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಅಂತ ಲೆಕ್ಕ ಇಟ್ಟು, ನಾಲ್ಕು ಜನಕ್ಕೆ ಎರಡು ಲೀಟರ್ ತಂದು, ತಿಂಗಳು ಮುಗಿಯುವವರೆಗೆ ಮತ್ತೆ ತರಬೇಡಿ. ಡಬ್ಬದ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ಇದ್ದರೆ ಮೋಸ ಹೋಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ಕರಿದ ಎಣ್ಣೆಯನ್ನು ಮತ್ತೆ ಕಾಯಿಸಬೇಡಿ.

ತೆಂಗಿನ ವಿಷಯಕ್ಕೆ ಬಂದರೆ ಕರಾವಳಿಯವರ ಜೊತೆ ಜಗಳವೇ ಆಗುತ್ತದೆ. "ನಮ್ಮ ಅಜ್ಜ ತೆಂಗಿನೆಣ್ಣೆಯಲ್ಲೇ ತಿಂದು ತೊಂಬತ್ತು ವರ್ಷ ಬದುಕಿದರು" ಎನ್ನುತ್ತಾರೆ. ಅಜ್ಜ ದಿನವಿಡೀ ಗದ್ದೆಯಲ್ಲಿದ್ದರು, ಗಲ್ಲಾದಲ್ಲಿರಲಿಲ್ಲ. ತೆಂಗಿನೆಣ್ಣೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಸ್ಯಾಚುರೇಟೆಡ್, ಅಂದರೆ ಗಟ್ಟಿ ಜಾತಿಯ ಕೊಬ್ಬು. ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಎಣ್ಣೆ ಬದಲಿಸಿ. ಕಾಯಿತುರಿಯನ್ನು ಪಲ್ಯದ ಮೇಲೆ ಒಂದು ಚಮಚ ಉದುರಿಸಬಹುದು. ಕಾಯಿಹಾಲಿನ ಗಸಿ ಹಬ್ಬಕ್ಕಿರಲಿ. ಬಂಗುಡೆ, ಬೂತಾಯಿ ಹೃದಯಕ್ಕೆ ಒಳ್ಳೆಯ ಮೀನು, ವಾರಕ್ಕೆ ಎರಡು ಸಲ ಪುಳಿಮುಂಚಿಯೋ ತವಾದ ಮೇಲೆ ಸ್ವಲ್ಪ ಎಣ್ಣೆಯಲ್ಲೋ ಮಾಡಿ. ರವೆ ಹಚ್ಚಿ ಮುಳುಗಿಸಿ ಕರಿದರೆ ಲಾಭ ಇಲ್ಲ.

ಮುಂಬೈಯ ತಿಂಡಿಗಳಲ್ಲಿ ವಡಾ ಪಾವ್ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ಚಹಾದಲ್ಲಿ ಅದ್ದುವ ಖಾರಿ ಬಿಸ್ಕೆಟ್, ಬಟರ್ ಬಿಸ್ಕೆಟ್, ಜೊತೆಗೆ ಮೆಲ್ಲುವ ಕರಿದ ಫರ್ಸಾಣ್ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಮೊಟ್ಟೆ ಬಿಟ್ಟು ಖಾರಿ ತಿನ್ನುವವರು ಸಣ್ಣದನ್ನು ಬಿಟ್ಟು ದೊಡ್ಡದನ್ನು ಹಿಡಿದಿದ್ದಾರೆ. ಬದಲಿಗೆ ಒಂದು ಹಿಡಿ ಹುರಿದ ಕಡಲೆ, ಉಪ್ಪಿಲ್ಲದ್ದು. ಮೂರನೇ ವಾರ ತಟ್ಟೆಯನ್ನು ಬದಲಿಸಿ: ಅರ್ಧ ತರಕಾರಿ, ಕಾಲು ಭಾಗ ಅನ್ನ ಅಥವಾ ಚಪಾತಿ, ಕಾಲು ಭಾಗ ಬೇಳೆ, ಕಾಳು ಅಥವಾ ಮೀನು.

ಹೃದಯದ ವಾಲ್ವ್ ಬದಲಿಸಿ ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ದಿನ ರಾಶಿ, ಇನ್ನೊಂದು ದಿನ ಸೊನ್ನೆ ಮಾಡಬಾರದು. ದಿನವೂ ಒಂದೇ ಅಳತೆ ಇರಲಿ.

ಹಂತ 8: ಹೊಗೆಸೊಪ್ಪು ಮತ್ತು ಮನಸ್ಸು

ಬೀಡಿ ಸಿಗರೇಟು ಬಿಟ್ಟೆ ಎನ್ನುವವರ ಜೇಬಿನಲ್ಲಿ ಖೈನಿ ಇರುತ್ತದೆ, ಹೆಂಗಸರ ಬಚ್ಚಲಲ್ಲಿ ಹಲ್ಲುಜ್ಜುವ ಮಿಶ್ರಿ ಡಬ್ಬ, ಊರಿನಿಂದ ಬಂದ ಅಜ್ಜಿಯ ಎಲೆಯಡಿಕೆಯಲ್ಲಿ ಹೊಗೆಸೊಪ್ಪು. ಎಲ್ಲವೂ ತಂಬಾಕೇ. ಒಬ್ಬರೇ ಬಿಡಲು ಆಗದಿದ್ದರೆ 1800-11-2356 ಉಚಿತ ಸಹಾಯವಾಣಿ ಇದೆ, ತಂಬಾಕಿನ ಪ್ಯಾಕೆಟ್ ಮೇಲೆಯೇ ಈ ನಂಬರ್ ಅಚ್ಚಾಗಿರುತ್ತದೆ. ಆಸ್ಪತ್ರೆಯಲ್ಲಿ ಹೇಗೂ ನಾಲ್ಕು ದಿನ ಬಿಟ್ಟಿರುತ್ತೀರಿ. ಐದನೇ ದಿನ ಶುರು ಮಾಡದಿರುವುದೇ ಸುಲಭದ ದಾರಿ.

ಹೃದಯಾಘಾತದ ಮೇಲೆ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಸುಮ್ಮನೆ ಗೋಡೆ ನೋಡುತ್ತಾ ಕೂರುವುದು, ರಾತ್ರಿ ನಿದ್ದೆ ಬಾರದಿರುವುದು, ಸಣ್ಣದಕ್ಕೂ ಕಣ್ಣೀರು ಎರಡು ವಾರ ದಾಟಿದರೆ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ನಂಬರ್ 14416. ಇಂಥವರು ಮಾತ್ರೆಯನ್ನೂ ನಡಿಗೆಯನ್ನೂ ಬಿಡುತ್ತಾರೆ. ಮನೆಯವರು ಅದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ.

ಹಂತ 9: ಪರೀಕ್ಷೆ, ಗುರಿಯ ಅಂಕಿ, ಮನೆಯ ಉಳಿದವರು

ನಾಲ್ಕರಿಂದ ಹನ್ನೆರಡು ವಾರದೊಳಗೆ ಲಿಪಿಡ್ (ರಕ್ತದ ಕೊಬ್ಬು, ಕೊಲೆಸ್ಟ್ರಾಲ್) ಪರೀಕ್ಷೆ ಮಾಡಿಸಿ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 70ಕ್ಕಿಂತ ಕೆಳಗೆ ಬರಲೇಬೇಕು, ಈಗ ಹಲವು ಡಾಕ್ಟರುಗಳು 55ರ ಕೆಳಗೆ ಕೇಳುತ್ತಾರೆ. ಲ್ಯಾಬಿನ ಕಾಗದದಲ್ಲಿ 100ರವರೆಗೆ ನಾರ್ಮಲ್ ಅಂತ ಅಚ್ಚಾಗಿದ್ದರೆ ಅದು ಹೃದಯಾಘಾತ ಆಗದವರ ಲೆಕ್ಕ. ಬಿಪಿ 130/80ರ ಒಳಗೆ. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಶುಗರ್ (HbA1c) ಹೆಚ್ಚಿನವರಿಗೆ ಶೇಕಡಾ 7ರ ಆಸುಪಾಸು. ಬಿಪಿ ನೋಡುವ ಮೊದಲು ಅರ್ಧ ಗಂಟೆ ಚಹಾ ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ತೋಳನ್ನು ಹೃದಯದ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ಎರಡು ಸಲ ನೋಡಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಬಗ್ಗೆಯೂ ಕೇಳಿ.

ಗಂಡಸಿಗೆ 55 ತುಂಬುವ ಮೊದಲು, ಹೆಂಗಸಿಗೆ 65 ತುಂಬುವ ಮೊದಲು ಹೃದಯಾಘಾತ ಆಗಿದ್ದರೆ ಅವರ ಮಕ್ಕಳು, ಒಡಹುಟ್ಟಿದವರು ಈಗಲೇ ಬಿಪಿ, ಶುಗರ್, ಲಿಪಿಡ್ ಮಾಡಿಸಬೇಕು. ವಂಶದಲ್ಲಿ ಬರುವ ಕೊಬ್ಬಿನ ಕಣ ನೋಡುವ ಲಿಪೋಪ್ರೋಟೀನ್ (ಎ) ಪರೀಕ್ಷೆ ಜೀವಮಾನದಲ್ಲಿ ಒಮ್ಮೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಮಾವನಿಗೆ ಸ್ಟೆಂಟ್ ಆದಾಗ ವಯಸ್ಸು 51. ಮಗನಿಗೆ 26, ಐಟಿ ಕೆಲಸ, ಜಿಮ್ಮಿಗೂ ಹೋಗುತ್ತಾನೆ. "ನನಗೇನಾಗಿದೆ?" ಅಂತ ಆರು ತಿಂಗಳು ಮುಂದೂಡಿದ. ಮಾಡಿಸಿದಾಗ ಎಲ್‌ಡಿಎಲ್ 171.

ನಡಿಗೆ ತಪ್ಪಿಹೋದರೆ

ಎರಡು ಮೂರು ದಿನ ತಪ್ಪಿದರೆ ಬಿಟ್ಟಲ್ಲಿಂದಲೇ ಮುಂದುವರಿಸಿ. ಜ್ವರಕ್ಕೋ ಊರಿನ ಕಾರ್ಯಕ್ರಮಕ್ಕೋ ಒಂದು ವಾರ ತಪ್ಪಿದರೆ ಒಂದು ವಾರದ ಲೆಕ್ಕಕ್ಕೆ ಹಿಂದೆ ಹೋಗಿ. ಮೂರು ವಾರ ತಪ್ಪಿದರೆ 10 ನಿಮಿಷದಿಂದ ಮತ್ತೆ ಶುರು ಮಾಡಿ. ತಪ್ಪಿದ ದಿನಗಳನ್ನು ಭಾನುವಾರ ಒಟ್ಟಿಗೆ ನಡೆದು ತೀರಿಸಲು ಹೋಗಬೇಡಿ. ನೋಟ್‌ಬುಕ್ಕಿನಲ್ಲಿ ಆ ದಿನಗಳ ಸಾಲು ಖಾಲಿ ಬಿಟ್ಟು, ಇವತ್ತಿನ ತಾರೀಕು ಬರೆಯಿರಿ.